ಮಂಪರು ತಂದ ಹಾರ್ಮೋನು: ಹ್ಯಾನ್ಸ್ ಸೆಲ್ಯೆ

ಸಾಂಗ್ಲಿವಾಡಿಯಿಂದ ಕೃಷ್ಣಾ ಸೇತುವೆ ದಾಟಿದರೆ ಸಾಂಗ್ಲಿ; ಅದರಾಚೆ ಮಿರಜ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿಶನ್ ಆಸ್ಪತ್ರೆ ತೆರೆದ ಮೇಲೆ ಅದು ಆಸ್ಪತ್ರೆಗಳ ಊರೆಂದೇ ಹೆಸರಾಯಿತು. ಗಡಿಯ ಕನ್ನಡಿಗರೂ ಚಿಕಿತ್ಸೆಗೆ ಅಲ್ಲಿಗೆ ಹೋಗುವುದುಂಟು. ಶಸ್ತ್ರಕ್ರಿಯೆಗೆ ಮುನ್ನ ರೋಗಿಗೆ ಮಂಪರು ಔಷಧ ಕೊಡುವುದನ್ನು ನಾವು ಬಲ್ಲೆವು. ಅಂತಹ ಗುಣ ನಮ್ಮ ಶರೀರದ ಹಾರ್ಮೋನಿಗೂ ಇದೆಯೆಂದು ತೋರಿಸಿದವರು ಹ್ಯಾನ್ಸ್ ಸೆಲ್ಯೆ.

ಸೆಲ್ಯೆ 1907ರಲ್ಲಿ ವಿಯೆನ್ನಾದಲ್ಲಿ ಜನಿಸಿದರು. ತಂದೆ ಹಂಗೇರಿಯ ಸೈನ್ಯದ ಶಸ್ತ್ರವೈದ್ಯರು. ಬೆಳೆದುದು ಡ್ಯಾನ್ಯೂಬ್ ದಂಡೆಯ ಕೊಮಾರೊಮ್‌ನಲ್ಲಿ. ಮೊದಲ ಮಹಾಯುದ್ಧದ ಬಳಿಕ ನದಿಯ ಉತ್ತರದ ಭಾಗ ಚೆಕೊಸ್ಲೊವಾಕಿಯಕ್ಕೆ ಸೇರಿತು. ಊರು ಅಲ್ಲೇ ಉಳಿದು ಸರಕಾರ ಬದಲಾಗುವುದೆಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಪ್ರಾಗ್‌ನಲ್ಲಿ 1929ರಲ್ಲಿ ವೈದ್ಯ ಪದವಿ ಪಡೆದು, 1931ರಲ್ಲಿ ಅಮೆರಿಕಕ್ಕೂ ಮರುವರ್ಷ ಕೆನಡಾದ ಮಾಂಟ್ರಿಯಲ್‌ಗೂ ಹೋದರು. ಶರೀರ ಎಲ್ಲ ಬಗೆಯ ಸಂಕಷ್ಟಕ್ಕೂ ಒಂದೇ ರೀತಿ ಸ್ಪಂದಿಸುತ್ತದೆಂಬ ಅವರ 1936ರ ಲೇಖನವೇ ಇಂದು ಮನೆಮಾತಾಗಿರುವ 'ಸ್ಟ್ರೆಸ್' ವಿಚಾರದ ಮೂಲ.

ಪ್ರೊಜೆಸ್ಟರೋನನ್ನು ಆಗ ಗರ್ಭಕೋಶದ ಹಾರ್ಮೋನೆಂದೇ ತಿಳಿದಿದ್ದರು. ಅದು ಜೀವಕೋಶದೊಳಗೆ ಹೊಕ್ಕು, ಜೀನುಗಳ ಮೂಲಕ ಕೆಲಸ ಮಾಡಲು ಗಂಟೆಗಳು ಬೇಕು. ಆದರೆ 1941ರಲ್ಲಿ ಸೆಲ್ಯೆ ಅದನ್ನು ಚುಚ್ಚಿದಾಗ ಇಲಿಗಳು ಕೆಲವೇ ನಿಮಿಷಗಳಲ್ಲಿ ನಿದ್ದೆಹೋದವು. ಇಷ್ಟು ಬೇಗ ಹೇಗೆ?

ಉತ್ತರಕ್ಕೆ ದಶಕಗಳೇ ಹಿಡಿದವು. ಸೆಲ್ಯೆ 1982ರಲ್ಲಿ ತೀರಿಕೊಂಡರು. ಪ್ರೊಜೆಸ್ಟರೋನಿನಿಂದ ಹುಟ್ಟುವ ಅಲೋಪ್ರೆಗ್ನನಲೋನ್ ಮಿದುಳಿನ ಜೀವಕೋಶಗಳ ಹೊರಪೊರೆಯ ಮೇಲಿರುವ 'ಗಾಬಾ' ಗ್ರಾಹಕಕ್ಕೆ ಅಂಟಿ ನರಗಳನ್ನು ಶಾಂತಗೊಳಿಸುತ್ತದೆಂದು 1986ರಲ್ಲಿ ಪ್ರಕಟವಾಯಿತು. ಮನೆಯೊಳಗೆ ಹೋಗದೆ ಬಾಗಿಲಲ್ಲೇ ಸುದ್ದಿ ಮುಟ್ಟಿಸಿದಂತೆ! ಪ್ರೊಜೆಸ್ಟರೋನಿಗೇ ಮೀಸಲಾದ ಹೊರಪೊರೆಯ ಗ್ರಾಹಕವನ್ನು 2003ರಲ್ಲಿ ಮೊದಲು ಮೀನಿನಲ್ಲಿ ಗುರುತಿಸಿದರು; ಅದರ ಬಂಧುಗಳು ಮನುಷ್ಯನ ಮಿದುಳಿನಲ್ಲೂ ಇವೆ. ಗಂಡಸರ ಶರೀರದಲ್ಲೂ ಈ ಹಾರ್ಮೋನು ಇದೆ.

ಇದರಿಂದ ನಮಗೇನು? ಬಸುರಿಯಲ್ಲಿ ಹೇರಳವಾಗಿರುವ ಈ ವಸ್ತುಗಳು ಹೆರಿಗೆಯಾದೊಡನೆ ಥಟ್ಟನೆ ಇಳಿಯುತ್ತವೆ. ಕೆಲವು ಬಾಣಂತಿಯರ ಖಿನ್ನತೆಗೆ ಇದೂ ಒಂದು ಕಾರಣವೆಂದು ತಜ್ಞರ ಎಣಿಕೆ. ಅಲೋಪ್ರೆಗ್ನನಲೋನನ್ನೇ ಬಾಣಂತಿ ಖಿನ್ನತೆಗೆ ಮದ್ದಾಗಿ ಅಮೆರಿಕ 2019ರಲ್ಲಿ ಒಪ್ಪಿತು. ಮಗುವಿನ ಮುಖ ನೋಡಿಯೂ ಅಳುವ ಬಾಣಂತಿಯನ್ನು ಹಟಮಾರಿಯೆಂದು ಗದರುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಆ ಅಳು ಅವಳ ಗುಣದೋಷವಲ್ಲ. ದಿನಗಟ್ಟಲೆ ನಿಲ್ಲದಿದ್ದರೆ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.