ವಿಜಯನಗರವನ್ನು ಕಂಡ ಅಬ್ದುರ್ ರಜಾಕ್

ಪರದೇಶಗಳಿಂದ ಬಂದು ವಿಜಯನಗರದ ವೈಭವವನ್ನು ಬರೆದಿಟ್ಟವರಲ್ಲಿ ಅಬ್ದುರ್ ರಜಾಕನ ಹೆಸರು ಚಿರಸ್ಮರಣೀಯವಾದುದು.

ಆತನು 1413ರಲ್ಲಿ, ಇಂದು ಆಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದಲ್ಲಿ ಜನಿಸಿದನು. ತಂದೆಯು ತೈಮೂರನ ಮಗನಾದ ಷಾರುಖ್ ದೊರೆಯ ಬಳಿ ಖಾಜಿಯಾಗಿದ್ದನು. ತಂದೆಯ ಮರಣಾನಂತರ ರಜಾಕನೂ ಅದೇ ಆಸ್ಥಾನವನ್ನು ಸೇರಿ, 1442ರಲ್ಲಿ ದೊರೆಯ ರಾಯಭಾರಿಯಾಗಿ ಕಲ್ಲಿಕೋಟೆಗೆ ಹೊರಟನು. ಸಮುದ್ರಯಾನವು ಅವನನ್ನು ಹೆದರಿಸಿತು. ಜೊತೆಗಿದ್ದ ಅಣ್ಣನು ದಾರಿಯಲ್ಲೇ ತೀರಿಕೊಂಡನು. ಕಲ್ಲಿಕೋಟೆಯಲ್ಲಿ ಬೇಸತ್ತಿದ್ದವನಿಗೆ ವಿಜಯನಗರದ ಇಮ್ಮಡಿ ದೇವರಾಯನಿಂದ ಕರೆ ಬಂದಿತು.

ಮಂಗಳೂರಿನವರೆಗೆ ಹಡಗಿನಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿದನು. ಆ ಹಾದಿಯ ಕಷ್ಟವನ್ನು ಕೊಡಗಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1443ರ ಏಪ್ರಿಲ್ ಕೊನೆಗೆ ರಾಜಧಾನಿಯನ್ನು ಮುಟ್ಟಿದನು. ಒಂದರೊಳಗೊಂದು ಏಳು ಕೋಟೆಗಳು, ಅರಮನೆಯ ಬಳಿಯ ಉದ್ದನೆಯ ಪೇಟೆಗಳು, ಬಹಿರಂಗವಾಗಿ ಮಾರುತ್ತಿದ್ದ ಮುತ್ತುರತ್ನಗಳು, ಎಲ್ಲೆಲ್ಲೂ ಗುಲಾಬಿ ಹೂಗಳು, ಮಹಾನವಮಿಯಲ್ಲಿ ನೆರೆದ ಆನೆಗಳು: ಇವೆಲ್ಲವನ್ನೂ ಕಣ್ತುಂಬ ನೋಡಿದನು.

ಆದರೆ ಸುಖವು ಬಹುಕಾಲ ಉಳಿಯಲಿಲ್ಲ. ಹೊರ್ಮುಜಿನ ಕೆಲವು ವರ್ತಕರು ಇವನು ನಿಜವಾದ ರಾಯಭಾರಿಯಲ್ಲವೆಂದು ಸುಳ್ಳು ಹಬ್ಬಿಸಿದರು. ದಂಡನಾಯಕನು ದಂಡೆತ್ತಿ ಹೋಗಿದ್ದಾಗ ಇವನಿಗೆ ಸಲ್ಲುತ್ತಿದ್ದ ದಿನಭತ್ಯೆಯೂ ನಿಂತಿತು. ಪರನಾಡಿನಲ್ಲಿ ಮಾನಕ್ಕೆ ಬಂದ ಈ ಕುಂದು ಸಾಮಾನ್ಯವಾದುದಲ್ಲ.

ಹೆರಾತಿಗೆ ಮರಳಿದ ಮೇಲೆ ತನ್ನ ಇತಿಹಾಸ ಗ್ರಂಥದಲ್ಲಿ ಈ ಯಾತ್ರೆಯನ್ನೂ ಬರೆದನು. ತನಗಾದ ಅವಮಾನವನ್ನು ಮುಚ್ಚಿಡಲಿಲ್ಲ. ಅದರ ಸಿಟ್ಟಿನಿಂದ ನಗರದ ಹಿರಿಮೆಯನ್ನು ಕುಗ್ಗಿಸಲೂ ಇಲ್ಲ. 1482ರಲ್ಲಿ ಕಾಲವಾದನು. 1565ರ ಯುದ್ಧದ ನಂತರ ನಗರವೇ ಹಾಳಾಯಿತು. ಇಂದು ಹಂಪೆಯ ಬರಿಗಲ್ಲುಗಳ ನಡುವೆ ಅಂದಿನ ಜನಜಂಗುಳಿಯನ್ನು ನಾವು ಊಹಿಸಬಲ್ಲೆವಾದರೆ, ಅದಕ್ಕೆ ಆ ಪರಕೀಯನ ಪ್ರಾಮಾಣಿಕತೆಯೂ ಒಂದು ಕಾರಣ.