ನಡೆಯಲಾರದ ಸನ್ಯಾಸಿ ಪುನೀತ ಹರ್ಮನ್

ಜಪಸರದ ಕೊನೆಯಲ್ಲಿ ಮಾತೆ ಮರಿಯಮ್ಮನವರನ್ನು ರಾಣಿಯೆಂದು ಕರೆದು ನಾವು ಮೊರೆಯಿಡುತ್ತೇವೆ. ಆ ಪ್ರಾರ್ಥನೆಯನ್ನು ರಚಿಸಿದವರು ರೈಖೆನೌ ಮಠದ ಹರ್ಮನ್ ಎಂಬುದು ಹಳೆಯ ನಂಬಿಕೆ. ವಿದ್ವಾಂಸರು ಇದನ್ನು ಇಂದು ಸಂದೇಹಿಸುತ್ತಾರಾದರೂ, ಅವರ ಬಾಳು ಮಾತ್ರ ದಾಖಲೆಯಲ್ಲಿದೆ.

ಹರ್ಮನ್ನರು 1013ರ ಜುಲೈ 18ರಂದು ದಕ್ಷಿಣ ಜರ್ಮನಿಯ ಆಲ್ಟ್ಸ್‌ಹೌಸನ್ ಪ್ರಭುಮನೆತನದಲ್ಲಿ ಹುಟ್ಟಿದರು. ಎಳವೆಯಿಂದಲೇ ಅವರ ಕೈಕಾಲುಗಳಲ್ಲಿ ಬಲವಿರಲಿಲ್ಲ. ತಂದೆತಾಯಿಗಳು ಮಗನನ್ನು ಮೂಲೆಯಲ್ಲಿ ಬಚ್ಚಿಡದೆ, ಏಳನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆ ಒಪ್ಪಿಸಿದರು. ರೈಖೆನೌ ದ್ವೀಪದ ಬೆನೆದಿಕ್ತ ಮಠವೇ ಅವರಿಗೆ ಮನೆಯಾಯಿತು. ಸುಮಾರು 30ನೆಯ ವಯಸ್ಸಿನಲ್ಲಿ ಅವರು ಸನ್ಯಾಸ ಸ್ವೀಕರಿಸಿದರು.

ಅವರ ಶಿಷ್ಯ ಬೆರ್ತೋಲ್ಡ್ ಗುರುವಿನ ಜೀವನವನ್ನು ಬರೆದಿಟ್ಟಿದ್ದಾರೆ. ಹರ್ಮನ್ನರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯಬೇಕಿತ್ತು. ಮಗ್ಗುಲು ಬದಲಿಸಲೂ ಮತ್ತೊಬ್ಬರ ನೆರವು ಬೇಕಿತ್ತು. ಬೆರಳುಗಳು ಸೋತಿದ್ದವು, ಮಾತು ತೊದಲುತ್ತಿತ್ತು. ಆದರೂ ಶಿಷ್ಯರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಗಣಿತ, ಸಂಗೀತ, ಖಗೋಳಶಾಸ್ತ್ರಗಳ ಬಗ್ಗೆ ಅವರು ಗ್ರಂಥಗಳನ್ನು ಬರೆದರು. ಕ್ರಿಸ್ತ ಜನನದಿಂದ ತಮ್ಮ ಕಾಲದವರೆಗಿನ ಚರಿತ್ರೆಯನ್ನೂ ರಚಿಸಿದರು. 1054ರ ಸೆಪ್ಟೆಂಬರ್ 24ರಂದು ಪ್ರಭುವಿನಲ್ಲಿ ನಿದ್ರಿಸಿದರು. 1863ರಲ್ಲಿ ಧರ್ಮಸಭೆ ಅವರ ಪೂಜ್ಯತೆಯನ್ನು ದೃಢಪಡಿಸಿತು.

ಬೆರ್ತೋಲ್ಡ್‌ರ ವರ್ಣನೆಯನ್ನು ಓದಿದ ಕೆಲವು ವೈದ್ಯರು ಇದು ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಅಥವಾ ಅದರಂತಹ ನರರೋಗ ಇದ್ದಿರಬಹುದೆನ್ನುತ್ತಾರೆ. ಮತ್ತೆ ಕೆಲವರು ಮಿದುಳಿನ ತೊಂದರೆ ಎನ್ನುತ್ತಾರೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ನಶಿಸುತ್ತವೆ. ಅಪ್ಪಣೆ ತಲುಪದ ಸ್ನಾಯು ಬತ್ತುತ್ತದೆ. ಬುದ್ಧಿ ಮಾತ್ರ ಕುಂದುವುದಿಲ್ಲ. ಮಸ್ಕ್ಯುಲರ್ ಡಿಸ್ಟ್ರೊಫಿಯಲ್ಲಾದರೋ ಸ್ನಾಯುವೇ ಕೆಡುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕುಟುಂಬಗಳು ತಿಳಿಯಬೇಕಾದ ಮಾತೊಂದಿದೆ. ಅಟ್ರೊಫಿಯ ದೋಷವಿರುವ ಜೀನ್ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಅವರಿಬ್ಬರೂ ಆರೋಗ್ಯವಂತರೇ. ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ತಗಲುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿಯೇ ಮದುವೆಯಾದಾಗ ಈ ಅಪಾಯ ಹೆಚ್ಚುತ್ತದೆ. ಇದು ಗ್ರಹಣದ ಫಲವಲ್ಲ, ಹೆತ್ತವಳ ತಪ್ಪೂ ಅಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪವೆಂದು ಕೇಳಿದಾಗ, ಪ್ರಭು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು.

ಮಗುವಿಗೆ ಕತ್ತು ನಿಲ್ಲದಿದ್ದರೆ, ಕೈಕಾಲು ಜೋಲುತ್ತಿದ್ದರೆ, ನಡೆಯುತ್ತಿದ್ದ ಮಗು ಎಡವತೊಡಗಿದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅಗತ್ಯವಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ. ರಕ್ತಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ. ರೋಗದ ಓಟವನ್ನು ತಡೆಯುವ ಔಷಧಿಗಳು ಇಂದು ಇವೆ. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಬೆಲೆ ದುಬಾರಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ನಿಗದಿತ ಕೇಂದ್ರಗಳಲ್ಲಿ ಸಹಾಯಧನ ಕೇಳಬಹುದು.

ಹರ್ಮನ್ನರ ಪಾಂಡಿತ್ಯವನ್ನು ಲೋಕ ಕೊಂಡಾಡುತ್ತದೆ. ಅವರ ಕುರ್ಚಿಗೆ ದಿನವೂ ಹೆಗಲು ಕೊಟ್ಟ ಸನ್ಯಾಸಿಗಳ ಹೆಸರು ನಮಗೆ ತಿಳಿಯದು. ಆ ಹೆಗಲುಗಳಿಲ್ಲದೆ ಆ ಗ್ರಂಥಗಳೂ ಇರುತ್ತಿರಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿಯೂ ಪೂಜೆಗೆ ಬರಲಾರದೆ ಮನೆಯಲ್ಲೇ ಉಳಿದ ಮಗುವೊಂದು ಇರಬಹುದು. ಈ ಭಾನುವಾರ ಅದನ್ನು ಎತ್ತಿ ತರುವವರು ಯಾರು?