ಪಂಜೆ ಮಂಗೇಶರಾಯರು: ಕಥೆಯೊಳಗಿನ ಕಾರಣವನ್ನು ಹುಡುಕಿಸಿದ ಗುರು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಬೆಳೆದವರಾರಿಗೂ ಏಳು ಮೀನುಗಳ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ. ಒಂದು ಮಾತ್ರ ಒಣಗುವುದಿಲ್ಲ. ಏಕೆಂದು ಕೇಳಿದರೆ ಮೀನು ಹುಲ್ಲಿನ ಮೆದೆಯನ್ನು ತೋರಿಸುತ್ತದೆ, ಮೆದೆ ತನ್ನನ್ನು ಮೇಯದ ಹಸುವನ್ನು, ಹಸು ದನ ಕಾಯುವವನನ್ನು, ಅವನು ಬುತ್ತಿ ಕೊಡದ ಅವ್ವನನ್ನು, ಅವ್ವ ಅಳುವ ಕೂಸನ್ನು, ಕೂಸು ಕಚ್ಚಿದ ಇರುವೆಯನ್ನು. ಇರುವೆ ಮಾತ್ರ ಯಾರನ್ನೂ ದೂರುವುದಿಲ್ಲ. ತನ್ನ ಬಂಗಾರದ ಪುತ್ತಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡಲಾದೀತೇ ಎಂದು ತಿರುಗಿ ಕೇಳುತ್ತದೆ. ನಮ್ಮ ಮಕ್ಕಳು ಇದನ್ನು ಮನೆಯಲ್ಲಿ ತೆಲುಗಿನಲ್ಲಿ ಕೇಳಿಕೊಂಡೇ ಶಾಲೆಗೆ ಬರುತ್ತಾರೆ. ಇದೇ ಬಗೆಯ ಪ್ರಶ್ನೆಯನ್ನು ಹೊತ್ತ ಕಥೆಯೊಂದನ್ನು ಕನ್ನಡದ ಮಕ್ಕಳಿಗಾಗಿ ಬರೆದುಕೊಟ್ಟವರು ಅರಬ್ಬೀ ಸಮುದ್ರದ ತಡಿಯ ಶಾಲಾಮಾಸ್ತರರೊಬ್ಬರು. ಕಥೆಯ ಹೆಸರು ‘ಸಿಗಡಿ ಯಾಕೆ ಒಣಗಲಿಲ್ಲ’. ಬರೆದವರು ಪಂಜೆ ಮಂಗೇಶರಾಯರು. ನಮ್ಮ ಶಾಲೆಗೆ ನೂರು ತುಂಬಿದ ಈ ಸಂದರ್ಭದಲ್ಲಿ ಅವರ ಬಾಳನ್ನು ನೆನೆಯಲು ಇದೊಂದೇ ಕಾರಣವಲ್ಲ. ಮತ್ತೊಂದನ್ನು ಮುಂದೆ ಹೇಳುವೆನು.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟವಾಳದಲ್ಲಿ. ಪಂಜ ಎಂಬುದು ಹಿರಿಯರ ಊರಾದ್ದರಿಂದ ಅದೇ ಮನೆತನದ ಹೆಸರಾಯಿತು. ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ, ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದುದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಸರ್ಕಾರದ ಕಾಗದಪತ್ರಗಳ ಭಾಷೆ ಇಂಗ್ಲಿಷ್. ಮನೆಯ ಮಾತೊಂದು, ಸಂತೆಯ ಮಾತೊಂದು, ಪಾಠದ ಮಾತು ಇನ್ನೊಂದು ಎಂಬ ಸ್ಥಿತಿಯನ್ನು ದಿನವೂ ಕಾಣುವ ನಮ್ಮ ಊರುಗಳ ತಾಯಿತಂದೆಗಳಿಗೆ ಈ ಬಾಲ್ಯ ಅಪರಿಚಿತವೆನಿಸದು. ಕನ್ನಡ ತಾಯ್ನುಡಿಯಲ್ಲದ ಮನೆಯಿಂದ ಬಂದವರೇ ಕನ್ನಡದ ಮಕ್ಕಳಿಗೆ ಮೊದಲ ಹಾಡುಗಳನ್ನು ಕೊಟ್ಟರೆಂಬುದನ್ನು, ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಲೇ ಬೇಡವೇ ಎಂದು ಅನುಮಾನಿಸುವವರ ಮುಂದೆ ಒಮ್ಮೆ ಹೇಳಬೇಕೆನಿಸುತ್ತದೆ.

ತಂದೆ ರಾಮಪ್ಪಯ್ಯನವರು ಬೇಗನೆ ತೀರಿಕೊಂಡುದರಿಂದ ಸಂಸಾರದ ಭಾರ ಎಳೆಯ ಹೆಗಲಿಗೆ ಬಿತ್ತು. ಓದು ಮತ್ತು ದುಡಿಮೆ ಒಟ್ಟೊಟ್ಟಿಗೆ ನಡೆಯಬೇಕಾಯಿತು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ ಕೆಲಸ ಮಾಡುತ್ತಲೇ ಪದವೀಧರರಾದರು, ಅಧ್ಯಾಪಕ ತರಬೇತಿಯನ್ನೂ ಪಡೆದರು. ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರಿಂದ ಪಾಠ ಕೇಳಿದವರು. 1900ರಲ್ಲಿ ಆರಂಭವಾದ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರು ಬರೆದ ಕಥೆಗಳು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳಲ್ಲಿ ಎಣಿಕೆಯಾಗುತ್ತವೆ. ಇಷ್ಟಾಗಿಯೂ ತಮಗಾಗಿ ಅವರು ಆರಿಸಿಕೊಂಡ ಕಾವ್ಯನಾಮ ಕವಿಶಿಷ್ಯ.

ಪಂಡಿತರ ಕೆಲಸದಿಂದ ಅವರು ಶಾಲಾ ಇನ್‌ಸ್ಪೆಕ್ಟರರ ಕೆಲಸಕ್ಕೆ ಹೋದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಮಾಸ್ತರರಿಗೆ ನಡುಕ, ಮಕ್ಕಳಿಗೆ ಬಾಯಿ ಕಟ್ಟು. ಬಂದವರು ಪ್ರಶ್ನೆ ಕೇಳುವುದು, ಮಕ್ಕಳು ಬಾಯಿಪಾಠ ಒಪ್ಪಿಸುವುದು, ತಪ್ಪಿದರೆ ಮಾಸ್ತರರ ಮೇಲೆ ಷರಾ ಬೀಳುವುದು ವಾಡಿಕೆ. ಪಂಜೆಯವರು ಆ ಕುರ್ಚಿಯಲ್ಲಿ ಕುಳಿತೂ ಮಾಸ್ತರರಾಗಿಯೇ ಉಳಿದರು. ಮಕ್ಕಳ ನಡುವೆ ಹೋಗಿ ಹಾಡುವುದು, ಕಥೆ ಹೇಳುವುದು, ತಾವೇ ಒಂದು ಪಾಠ ಮಾಡಿ ತೋರಿಸುವುದು ಅವರ ತಪಾಸಣೆಯ ರೀತಿಯಾಗಿತ್ತು. ಹೀಗೆ ಊರೂರು ತಿರುಗಿದ ಅವರಿಗೆ ಮಕ್ಕಳ ಕೈಯಲ್ಲಿ ಇಡಬಹುದಾದ ಪುಸ್ತಕಗಳ ಕೊರತೆ ಕಣ್ಣಿಗೆ ಕಟ್ಟಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕಾಗಿ ಅವರು ಪಾಠಪುಸ್ತಕಗಳನ್ನು ಸಿದ್ಧಗೊಳಿಸಿದರು, ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ‘ನಾಗರ ಹಾವೆ’ ಹಾಡಿದ ತಲೆಮಾರುಗಳೆಷ್ಟು ಎಂಬುದನ್ನು ಈ ಸಂಚಿಕೆಯ ಹಿರಿಯ ಓದುಗರೇ ಬಲ್ಲರು.

ಆದರೆ ಈ ಲೇಖನದ ಕಣ್ಣು ಹಾಡಿಗಿಂತ ಹೆಚ್ಚಾಗಿ ಅವರ ಕಥೆಗಳ ಮೇಲಿದೆ. ಅವರ ಮತ್ತೊಂದು ಕಥೆಗೆ ‘ಹೇನು ಸತ್ತು ಕಾಗೆ ಬಡವಾಯಿತು’ ಎಂದು ಹೆಸರು. ಬಡವಾಯಿತು ಎಂದರೆ ಇಲ್ಲಿ ಸೊರಗಿತು ಎಂದರ್ಥ. ಈ ನಾಲ್ಕೇ ಪದಗಳ ಹೆಸರನ್ನು ತರಗತಿಯ ಹಲಗೆಯ ಮೇಲೆ ಬರೆದು ಅರ್ಧ ಗಂಟೆ ಪಾಠ ಮಾಡಬಹುದು. ನಮ್ಮ ಭಾಷೆಯಲ್ಲಿ ‘ಬಂದು’, ‘ಸತ್ತು’, ‘ಬಿದ್ದು’ ಮುಂತಾದ ರೂಪಗಳು ಎರಡು ಕೆಲಸ ಮಾಡುತ್ತವೆ. ಹುಡುಗನು ಉಂಡು ಮಲಗಿದನು ಎಂದರೆ ಒಂದಾದ ಮೇಲೊಂದು ನಡೆಯಿತೆಂದಷ್ಟೇ. ಉಂಡದ್ದು ಮಲಗಿದ್ದಕ್ಕೆ ಕಾರಣವಾಗಬೇಕಿಲ್ಲ. ಮಳೆ ಬಂದು ಕೆರೆ ತುಂಬಿತು ಎಂದರೆ ಹಾಗಲ್ಲ; ಮಳೆ ಬಾರದಿದ್ದರೆ ಕೆರೆ ತುಂಬುತ್ತಿರಲಿಲ್ಲ. ರೂಪ ಒಂದೇ, ಸಂಬಂಧ ಬೇರೆ. ತೆಲುಗಿನಲ್ಲಿಯೂ ಇದು ಹೀಗೆಯೇ ಇರುವುದರಿಂದ ನಮ್ಮ ಮಕ್ಕಳಿಗೆ ಎರಡು ಭಾಷೆಗಳಲ್ಲೂ ಇದೇ ತೊಡಕು. ಆಮೇಲೆ ಎಂಬುದಕ್ಕೂ ಆದ್ದರಿಂದ ಎಂಬುದಕ್ಕೂ ಇರುವ ಅಂತರವನ್ನು ಪದವೇ ತೋರಿಸಿಕೊಡುವುದಿಲ್ಲ; ಮಗು ತಾನೇ ಯೋಚಿಸಿ ಕಂಡುಕೊಳ್ಳಬೇಕು. ಹೇನು ಸತ್ತುದಕ್ಕೂ ಕಾಗೆ ಸೊರಗಿದುದಕ್ಕೂ ಏನು ನಂಟು ಎಂದು ಕೇಳಿದೊಡನೆ ತರಗತಿಯಲ್ಲಿ ನಗು ಏಳುತ್ತದೆ, ನಗುವಿನ ಬೆನ್ನಿಗೆ ಆಲೋಚನೆ ಮೊದಲಾಗುತ್ತದೆ.

ಈ ಹೆಸರಿಟ್ಟವರು ವ್ಯಾಕರಣವರಿಯದವರಲ್ಲ ಎಂಬುದನ್ನು ಮರೆಯಬಾರದು. ಮಕ್ಕಳಿಗಾಗಿ ಕನ್ನಡದ ಮೂಲ ವ್ಯಾಕರಣವನ್ನು ಬರೆದವರೂ, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದವರೂ ಇದೇ ಪಂಜೆಯವರು. ಹಳಗನ್ನಡದ ಸೂತ್ರಗಳನ್ನು ಬಿಡಿಸಿದ ಕೈಯೇ ಹೇನು ಕಾಗೆಗಳ ಕಥೆಯನ್ನೂ ಬರೆಯಿತು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯ ಕೆಲಸವೆಂದು ಅವರು ಬಗೆದಂತಿಲ್ಲ.

ಸರಪಳಿಯ ಕಥೆಗಳನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಅದೇ ಅವುಗಳ ಅಪಾಯವೂ ಹೌದು. ಮೀನಿನಿಂದ ಇರುವೆಯವರೆಗೆ ತಡೆಯಿಲ್ಲದೆ ಒಪ್ಪಿಸಿದ ಮಗುವಿಗೆ ಕಥೆ ತಿಳಿಯಿತೆಂದು ನಾವು ತಲೆದೂಗಿಬಿಡುತ್ತೇವೆ. ಕಥೆಯನ್ನು ತುದಿಯಿಂದ ಹಿಂದಕ್ಕೆ ಹೇಳಿಸಿ ನೋಡಬೇಕು. ಕೂಸು ಪುತ್ತಿನಲ್ಲಿ ಬೆರಳಿಟ್ಟಿತು, ಆದ್ದರಿಂದ ಇರುವೆ ಕಚ್ಚಿತು, ಆದ್ದರಿಂದ ಕೂಸು ಅತ್ತಿತು, ಆದ್ದರಿಂದ ಅವ್ವ ಬುತ್ತಿ ಕಟ್ಟಲಿಲ್ಲ ಎಂದು ಬರುವಾಗ ಮಗು ಪ್ರತಿಯೊಂದು ಕೊಂಡಿಯನ್ನೂ ಮುಟ್ಟಿ ನೋಡಲೇಬೇಕಾಗುತ್ತದೆ. ಬಳಿಕ ಒಂದು ಕೊಂಡಿಯನ್ನು ಕಿತ್ತುಹಾಕಿ, ದನ ಕಾಯುವವನು ಹಸಿದುಕೊಂಡೇ ದನ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಕೇಳಬಹುದು. ಮೀನು ಒಣಗುತ್ತಿತ್ತೆಂದು ಯಾವ ಮಗುವಾದರೂ ಹೇಳೀತು. ಕೊನೆಗೆ ತಪ್ಪು ಇರುವೆಯದೋ ಬೆರಳಿನದೋ ಎಂಬ ವಾದ ಹುಟ್ಟಿದರೆ ಮಾಸ್ತರರು ತೀರ್ಪು ಕೊಡುವ ಅವಸರ ಮಾಡಬಾರದು. ನಾನು ಇದನ್ನು ಪಾಠ ಮಾಡಿದ ತರಗತಿಗಳಲ್ಲಿ ಇರುವೆಯ ಪಕ್ಷವೇ ಹೆಚ್ಚು ಬಾರಿ ಗೆದ್ದಿದೆ.

ಪಂಜೆಯವರ ಎಲ್ಲ ಕಥೆಗಳೂ ಈ ನೆಲದಲ್ಲಿ ಹುಟ್ಟಿದವಲ್ಲ. ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದದ್ದು. ‘ಇಲಿಗಳ ಥಕಥೈ’ ಇಲಿಗಳನ್ನು ಓಡಿಸಿದ ಕೊಳಲುಗಾರನ ಪಾಶ್ಚಾತ್ಯ ಕಥೆಯ ಕನ್ನಡ ರೂಪ. ಕೊಟ್ಟ ಮಾತಿಗೆ ತಪ್ಪಿದ ಊರು ಅದರ ಫಲವನ್ನು ಉಣ್ಣುವ ಆ ಕಥೆಯಲ್ಲಿ ಕಾರಣ ಮೊದಲೇ ಬಿತ್ತಿಹೋಗಿ ಪರಿಣಾಮ ಬಹಳ ಹೊತ್ತಿನ ಮೇಲೆ ಮೊಳೆಯುತ್ತದೆ. ಆದುದರಿಂದ ಅದು ತುಸು ದೊಡ್ಡ ಮಕ್ಕಳಿಗೆ ತಕ್ಕುದು. ಕಡಲನ್ನೇ ಕಾಣದ ನಮ್ಮ ಮಕ್ಕಳಿಗೆ ಸಿಗಡಿ ಎಂದರೇನೆಂದು ಮೊದಲು ಹೇಳಬೇಕಾಗುವುದು ನಿಜ. ಕೃಷ್ಣಾ ಹೊಳೆಯ ಮೀನು ಕಂಡವರಿಗೆ ಅದೇನೂ ದೊಡ್ಡ ಅಡ್ಡಿಯಲ್ಲ.

1921ರಲ್ಲಿ ಅವರು ಕೊಡಗಿಗೆ ಹೋದರು. ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದಾಗ ಆ ನಾಡಿನ ಸುಗ್ಗಿಯ ಹಬ್ಬವನ್ನು ಕುರಿತು ‘ಹುತ್ತರಿ ಹಾಡು’ ಹುಟ್ಟಿತು. ತುಳುನಾಡಿನ ಅವಳಿ ವೀರರ ಕಥೆಯನ್ನು ‘ಕೋಟಿ ಚೆನ್ನಯ’ ಎಂದು ಕನ್ನಡದಲ್ಲಿ ಬರೆದರು. ಇದ್ದ ಊರಿನ ಮಾತು, ಹಬ್ಬ, ಹಾಡುಗಳನ್ನು ಕನ್ನಡದ ಪಾಠದೊಳಕ್ಕೆ ಬರಮಾಡಿಕೊಳ್ಳುವುದು ಅವರ ಸ್ವಭಾವವಾಗಿತ್ತು.

ಮೊದಲು ಹೇಳಿದ ಇನ್ನೊಂದು ಕಾರಣ ಇದು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನಡೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಪಂಜೆ ಮಂಗೇಶರಾಯರು. ನಿಜಾಮರ ರಾಜ್ಯದಲ್ಲಿ 1928ರ ಕಲಬುರಗಿಯ ಸಮ್ಮೇಳನದ ಬಳಿಕ ನಡೆದುದು ಅದೇ. ಅಂದು ರಾಜ್ಯದ ಆಡಳಿತ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠಗಳೂ ಉರ್ದುವಿನಲ್ಲಿಯೇ. ಇಲ್ಲಿ ಕನ್ನಡದಲ್ಲಿ ಮಗುವಿಗೆ ಅಕ್ಷರ ಕಲಿಸುವುದು ಸುಲಭದ ಕೆಲಸವಾಗಿರಲಿಲ್ಲ. ಅಂಥ ಕಡೆಗೆ ನಾಡು ಅಧ್ಯಕ್ಷರನ್ನಾಗಿ ಕಳುಹಿಸಿದ್ದು ಮಹಾಕಾವ್ಯ ಬರೆದವರನ್ನಲ್ಲ, ಮಕ್ಕಳ ಕಥೆ ಬರೆದ ಮಾಸ್ತರರನ್ನು. ಗದ್ವಾಲ್ ಸಂಸ್ಥಾನವು ಅಂದು ರಾಯಚೂರಿನೊಡನೆ ಸೇರಿದ ಸೀಮೆ. ಕೃಷ್ಣಾ ತುಂಗಭದ್ರೆಯರ ನಡುವಿನ ಒಂದೇ ನಡುಗಡ್ಡೆ. ಮಕ್ತಲ್, ನಾರಾಯಣಪೇಟೆಗಳವರಿಗೆ ಕೃಷ್ಣೆಯನ್ನು ದಾಟಿದರೆ ರಾಯಚೂರು.

ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ ಪಂಜೆಯವರು ಕಣ್ಮುಚ್ಚಿದರು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಗದ್ವಾಲ್ ಆಂಧ್ರಪ್ರದೇಶಕ್ಕೆ ಬಂದಿತು. ಮಕ್ತಲ್, ನಾರಾಯಣಪೇಟೆಗಳೂ ಈ ಕಡೆಯೇ ಉಳಿದವು. ಈ ಶಾಲೆಯ ಮಕ್ಕಳು ಇಂದಿಗೂ ಬೆಳಿಗ್ಗೆ ಮನೆಯಲ್ಲಿ ಅಜ್ಜಿಯ ಬಾಯಿಂದ ಮೀನಿನ ಕಥೆಯನ್ನು ತೆಲುಗಿನಲ್ಲಿ ಕೇಳಿ, ಮಧ್ಯಾಹ್ನ ತರಗತಿಯಲ್ಲಿ ಸಿಗಡಿಯ ಕಥೆಯನ್ನು ಕನ್ನಡದಲ್ಲಿ ಕೇಳಬಲ್ಲರು. ಎರಡರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ ಎಂದು ಅವರಲ್ಲಿ ಯಾರಾದರೊಬ್ಬರು ಎದ್ದು ನಿಂತು ಹೇಳುವುದೂ ಉಂಟು.